ಬೋರ್ಡಿನ ಬೆನ್ನು

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸು ನಿಲ್ಲುವ ಕಡೆ ನಿಂತು ಸುಮಂಗಲಾ ಮೂರನೆಯ ಸಲ ಗಡಿಯಾರ ನೋಡಿಕೊಂಡಳು. ಎಂಟಕ್ಕೆ ಹತ್ತು ನಿಮಿಷ ಬಾಕಿ. ಏಳೂವರೆಗೆಲ್ಲ ಬಂದುಬಿಡುತ್ತೇವೆಂದು ಯಮನಮ್ಮ ನಿನ್ನೆ ಮಧ್ಯಾಹ್ನವಷ್ಟೇ ಫೋನಿನಲ್ಲಿ ಹೇಳಿದ್ದಳು. ಈಗ ಅದೇ ಫೋನು ಸ್ವಿಚ್ ಆಫ್. ಒಂದು ಬಸ್ಸು ಹೋಯಿತು. ಇನ್ನೊಂದು ಬಂದು ನಿಂತಿತು. ಕಂಡಕ್ಟರು “ರಾಯಚೂರ್, ರಾಯಚೂರ್” ಎಂದು ಕೂಗಿ ಕೂಗಿ, ಇವಳತ್ತ ಒಮ್ಮೆ ನೋಡಿ, ಹತ್ತುವ ಲಕ್ಷಣ ಕಾಣದೆ ಸೀಟಿ ಊದಿದ.

ಹನ್ನೊಂದು ಗಂಟೆಗೆ ರಾಯಚೂರಿನ ನ್ಯಾಯಾಲಯದಲ್ಲಿ ಯಮನಮ್ಮನ ಮಗಳ ಸಾಕ್ಷಿ ಇತ್ತು. ಹುಡುಗಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. ಒಂದೂವರೆ ವರ್ಷದ ಹಿಂದೆ ತಾಯಿಯ ತಮ್ಮ, ಸ್ವಂತ ಸೋದರಮಾವ ಕನಕರಾಜ, ತನ್ನ ಮೇಲೆ ನಡೆಸಿದ ದೌರ್ಜನ್ಯವನ್ನು ಅವಳು ಇವತ್ತು ನ್ಯಾಯಾಧೀಶರ ಮುಂದೆ ತನ್ನ ಬಾಯಿಂದಲೇ ಹೇಳಬೇಕಿತ್ತು. ಹೇಳಿದರೆ ಕೇಸು ಗಟ್ಟಿಯಾಗಿ ನಿಲ್ಲುತ್ತದೆ. ಹೇಳದಿದ್ದರೆ ಜಾಮೀನಿನ ಮೇಲಿರುವ ಆ ಮನುಷ್ಯ ನಿರಾಳವಾಗಿ ಊರಿಗೆ ನಡೆಯುತ್ತಾನೆ. ಅಲ್ಲಿಯೇ ಯಮನಮ್ಮನ ತವರೂ ಇದೆ.

ಸುಮಂಗಲಾ ರಾಯಚೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಹನ್ನೆರಡು ವರ್ಷದಿಂದ ಕೆಲಸದಲ್ಲಿದ್ದಳು. ಇಂಥ ಪ್ರಕರಣ ಬಂದಾಗ ಮಕ್ಕಳ ಕಲ್ಯಾಣ ಸಮಿತಿ ಮಗುವಿಗೊಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸುತ್ತದೆ. ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಮಗು ಹೋದಲ್ಲೆಲ್ಲ ಅದರ ಪಕ್ಕದಲ್ಲಿ ಇರುವುದು ಆ ವ್ಯಕ್ತಿಯ ಕೆಲಸ. ಪಕ್ಕದಲ್ಲಿ ಇರಬೇಕು, ಮುಂದೆ ನಿಲ್ಲಬಾರದು. ಮಗುವಿನ ಮಾತನ್ನು ತಾನು ಆಡಬಾರದು. ಈ ಗೆರೆಯನ್ನು ಸುಮಂಗಲಾ ಎಂದೂ ದಾಟಿದವಳಲ್ಲ. ಆಡುವ ಮೊದಲು ಒಂದೊಂದು ಮಾತನ್ನೂ ಒಳಗೇ ಎರಡು ಸಲ ತಿರುವಿ ನೋಡುವುದು ಅವಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹಾಗಾಗಿಯೇ ಈ ಕೆಲಸ ಅವಳಿಗೆ ಒಗ್ಗಿತ್ತು.

ಹುಡುಗಿಯ ಹೆಸರನ್ನು ಅವಳು ಹೊರಗೆ ಎಲ್ಲಿಯೂ ಎತ್ತುತ್ತಿರಲಿಲ್ಲ. ಮೊದಲ ವಾರದಲ್ಲಿಯೇ ಕೂರಿಸಿಕೊಂಡು ಕೇಳಿದ್ದಳು: “ಬಸ್ಸಿನ್ಯಾಗ, ಫೋನಿನ್ಯಾಗ ನಿನ್ನ ಕರಿಯಾಕ ಬ್ಯಾರೆ ಒಂದು ಹೆಸರು ಇಟ್ಕೊಳ್ಳೋಣ. ನಿನಗ ಯಾವುದು ಬೇಕು?”

ಹುಡುಗಿ ಬಹಳ ಹೊತ್ತು ಯೋಚಿಸಿ, “ಉಮಾದೇವಿ ಅನ್ರಿ” ಎಂದಿತ್ತು.

“ಅದು ನಿಮ್ಮ ಟೀಚರ್ ಹೆಸರಲ್ಲೇನ?”

“ಹೌದ್ರಿ. ಆ ಹೆಸರು ಹೇಳಿದ್ರ ಎಲ್ಲಾರೂ ಸುಮ್ಮ ಕೂಡ್ತಾರ.”

ಸುಮಂಗಲಾಗೆ ನಗು ಬಂದಿತ್ತು. ಹುಡುಗಿಯೂ ನಕ್ಕಿದ್ದಳು, ಕೋರೆಹಲ್ಲಿನ ಜಾಗದಲ್ಲಿ ಆಗಷ್ಟೇ ಮೂಡುತ್ತಿದ್ದ ಹಲ್ಲು ತೋರಿಸಿ. ಅಂದಿನಿಂದ ನೋಟ್‌ಬುಕ್ಕಿನಲ್ಲಿಯೂ ಫೋನಿನಲ್ಲಿಯೂ ಅವಳು ಉಮಾದೇವಿಯೇ.

ಎಂಟೂ ಕಾಲಾಯಿತು. ಸುಮಂಗಲಾ ಆಟೊ ಹಿಡಿದು ಯಮನಮ್ಮನ ಬಾಡಿಗೆ ಕೋಣೆಯ ಕಡೆ ಹೊರಟಳು.

ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಬಿಸ್ಮಿಲ್ಲಾ ಬೀ ಎಂಬ ಮುದುಕಿಯ ವಠಾರ. ಆರು ತಿಂಗಳ ಹಿಂದೆ ಯಮನಮ್ಮ ತವರೂರು ಬಿಟ್ಟು ಮಗಳೊಂದಿಗೆ ಇಲ್ಲಿಗೆ ಬಂದಿದ್ದಳು. ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸವನ್ನೂ ಹುಡುಗಿಗೆ ಹೊಸ ಶಾಲೆಯನ್ನೂ ಸುಮಂಗಲಾಳೇ ಓಡಾಡಿ ಹೊಂದಿಸಿದ್ದಳು. ತಾನು ಯಾರೆಂದು ಓಣಿಗೆ ತಿಳಿಯದಿರಲೆಂದು ಹೊಲಿಗೆ ಕ್ಲಾಸಿನ ಮೇಡಂ ಎಂದು ಹೇಳಿಕೊಂಡು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು.

ಬಿಸ್ಮಿಲ್ಲಾ ಬೀ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು.

“ಬಾ ಬೇಟಿ ಬಾ, ಮಿಷಿನ್ ಕ್ಲಾಸಿನ ಮೇಡಂ. ಚಾ ಕುಡೀತಿ?”

“ಬ್ಯಾಡ್ರಿ ಖಾಲಾ. ಯಮನಮ್ಮ ಎಲ್ಲಿ?”

“ಎಲ್ಲಿ ಯಮನಮ್ಮ? ನಿನ್ನಿ ಸಂಜಿಗೇ ಕ್ರೂಸರ್ ಬಂದಿತ್ತು. ಅವರವ್ವ ಬಂದಿದ್ಲು, ಪಂಚಿ ಉಟ್ಟ ಹಿರ್ಯಾ ಒಬ್ಬ ಬಂದಿದ್ದ. ಬುಟ್ಟಿ ತುಂಬ ಹಸರ ಬಳಿ, ಕುಬಸದ ಬಟ್ಟಿ, ಕೊಬ್ರಿ, ಉತ್ತತ್ತಿ. ಏನ್ ಯಮನಮ್ಮಾ, ನಿನಗ ಮತ್ತ ಲಗ್ನಾ ಮಾಡಾಕತ್ತಾರೇನು ಅಂತ ನಾ ಚಾಷ್ಟಿ ಮಾಡ್ದೆ. ಆಕಿ ನಗಲಿಲ್ಲ.” ಮುದುಕಿ ಮೊರವನ್ನು ಕೆಳಗಿಟ್ಟಳು. “ಆಮ್ಯಾಗ ನೋಡ್ತೀನಿ, ಕೂಸಿಗಿ ಹಾಕಾಕತ್ತಾರ ಬಳಿ. ಉಡಿ ತುಂಬಿದ್ರು.”

ಹಸಿರು ಬಳೆ ತೊಡಿಸಿ ಉಡಿ ತುಂಬಿದರೆಂದರೆ ಹೆಣ್ಣು ಗೊತ್ತಾಯಿತೆಂದು ಅರ್ಥ. ಯಾರಿಗೆ ಗೊತ್ತಾಯಿತೆಂದು ಕೇಳಬೇಕಾಗಿರಲಿಲ್ಲ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಈ ಸೀಮೆಯಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ಮಾತು.

“ಹುಡುಗಿ ಏನರ ಅಂದಳೇನ್ರಿ?”

“ಏನ್ ಅಂತಾಳ? ನನ್ನ ಕೋಳಿಗಿ ನೀರಿಟ್ಟು ಹೋದ್ಲು. ದಿನಾ ಆಕೀನೇ ಇಡ್ತಿದ್ಲಲ್ಲ.” ಬಿಸ್ಮಿಲ್ಲಾ ಬೀ ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಸುಮಂಗಲಾಳ ಮುಖವನ್ನೇ ನೋಡಿದಳು. “ಬೇಟಿ, ಆರು ತಿಂಗಳಾತು ನೀ ಬರಾಕತ್ತಿ. ಒಮ್ಮಿನೂ ಕತ್ರಿ ತಂದಿಲ್ಲ, ಟೇಪ್ ತಂದಿಲ್ಲ. ಎಂಥಾ ಹೊಲಗಿ ಕಲಿಸ್ತಿ ಅಂತ ನನಗ ಮೊದಲನೇ ದಿನಾನೇ ಗೊತ್ತಾತು. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ಅಲ್ಲಾನ ಮ್ಯಾಲಾಣಿ. ಆದ್ರ ನಿನ್ನಿ ನಿನಗ ಫೋನ್ ಮಾಡ್ಬೇಕಂದ್ರ ನಿನ್ನ ನಂಬರ್ ನನ್ನಂತ್ಯಾಕ ಇರಲಿಲ್ಲಲ್ಲ.”

ಮುಚ್ಚಿಡುವ ಎಚ್ಚರದಲ್ಲಿ ಸುಮಂಗಲಾ ಈ ಮುದುಕಿಗೆ ನಂಬರು ಕೊಟ್ಟಿರಲಿಲ್ಲ. ಈಗ ಚೀಟಿಯ ಮೇಲೆ ಬರೆದು ಕೊಟ್ಟಳು. ಕೊಡುವಾಗಲೇ ಅದು ತಡವಾಗಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ರಾಯಚೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸರ್ಕಾರಿ ವಕೀಲ ಸುಭಾಷ್ ಅವರಿಗೆ ಫೋನು ಮಾಡಿದಳು. ಸುತ್ತಲೂ ಜನ. ದನಿ ತಗ್ಗಿಸಿ, “ಸರ್, ಉಮಾದೇವಿ ಮಾನ್ವಿಯೊಳಗ ಇಲ್ಲ. ದೇವದುರ್ಗದ ಕಡೆ, ಅಜ್ಜಿ ಊರಿಗೆ ಕರ್ಕೊಂಡು ಹೋಗ್ಯಾರ” ಎಂದಳು.

“ಬರ್ತಾರ ಬಿಡ್ರಿ ಮೇಡಂ. ಅವರೇ ಕರ್ಕೊಂಡು ಬರ್ತಾರ. ಬರಲಿಲ್ಲಂದ್ರ ಛಲೋ. ಬಂದ್ರಂದ್ರ ಕೂಸಿಗಿ ಹೇಳಿಕೊಟ್ಟು ತಯಾರಾಗಿ ಬಂದಾರ ಅಂತ ತಿಳೀರಿ.”

ಬಸ್ಸು ನೀರಮಾನ್ವಿಯಲ್ಲಿ ನಿಂತಿತು. ಯಲ್ಲಮ್ಮನ ಗುಡಿಗೆ ಹೊರಟ ನಾಲ್ಕಾರು ಹೆಂಗಸರು ಇಳಿದರು. ರಸ್ತೆಯ ಎರಡೂ ಬದಿಗೆ ಕಾಲುವೆ ನೀರು ನಿಂತ ಗದ್ದೆಗಳಲ್ಲಿ ಬಗ್ಗಿದ ಬೆನ್ನುಗಳು ಸಾಲಾಗಿ ಹಿಂದಕ್ಕೆ ಸರಿಯುತ್ತಿದ್ದವು. ಯಮನಮ್ಮನೂ ಮೊದಲು ನಾಟಿ ಹಚ್ಚುವ ಕೂಲಿಗೇ ಹೋಗುತ್ತಿದ್ದಳು. ಅವಳು ಬರುವುದು ಸಂಜೆಯಾಗುತ್ತಿತ್ತು. ಅಲ್ಲಿಯವರೆಗೂ ಹುಡುಗಿ ಅಜ್ಜಿಯ ಮನೆಯಲ್ಲಿ.

ಸುಮಂಗಲಾ ಕಣ್ಣು ಮುಚ್ಚಿದಳು. ಮುಚ್ಚಿದ ಕೂಡಲೇ ಕಂಡದ್ದು ಎಂದಿನಂತೆ ಜೀಪು.

ಒಂದೂವರೆ ವರ್ಷದ ಹಿಂದೆ ದೇವದುರ್ಗದ ಆಚೆಯ ಆ ಹಳ್ಳಿಯ ಶಾಲೆಯಲ್ಲಿ ಹುಡುಗಿ ದಿನವೂ ಹೊಟ್ಟೆನೋವು ಎನ್ನತೊಡಗಿದ್ದಳು. ನಿಜವಾದ ಉಮಾದೇವಿ ಟೀಚರು ಒಂದು ದಿನ ಅವಳನ್ನು ಅಡುಗೆ ಕೋಣೆಯ ಹಿಂದೆ ಕರೆದುಕೊಂಡು ಹೋಗಿ ಕೂತು ಕೇಳಿದರು. ಕೇಳಿದ ಮೇಲೆ ಶಾಲೆಯ ಗೋಡೆ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿಯ ಹತ್ತು ಒಂಬತ್ತು ಎಂಟರ ನಂಬರಿಗೆ ಫೋನು ಮಾಡಿದರು. ಮರುದಿನ ಸಮಿತಿಯಿಂದ ಸುಮಂಗಲಾಗೆ ಕರೆ ಬಂತು.

ಆ ದಿನ ಅವಳು ಎಲ್ಲವನ್ನೂ ನೆನೆದು ನೆನೆದು ಮಾಡಿದ್ದಳು. ಜೊತೆಗೆ ಬಂದ ಪೊಲೀಸ್ ಹೆಂಗಸಿಗೆ ಸಾದಾ ಸೀರೆ ಉಟ್ಟು ಬರಲು ಹೇಳಿದ್ದಳು. ತನ್ನ ಕೊರಳಿನ ಗುರುತಿನ ಕಾರ್ಡು ತೆಗೆದು ಚೀಲದ ತಳಕ್ಕೆ ಹಾಕಿದ್ದಳು. ಮನೆಯ ಮುಂದೆ ಜೀಪು ನಿಂತರೆ ಓಣಿಗೆ ಗೊತ್ತಾಗುತ್ತದೆಂದು, ಶಾಲೆಯ ಮುಂದೆ ಯಾವ ಜೀಪು ನಿಂತರೂ ಯಾರೂ ಕೇಳುವುದಿಲ್ಲವೆಂದು, ತಾನೇ ಯೋಚಿಸಿ ಡ್ರೈವರ್ ಪೀರಾ ಸಾಬ್‌ಗೆ ಶಾಲೆಯ ಗೇಟಿನ ಬಳಿಯೇ ನಿಲ್ಲಿಸಲು ಹೇಳಿದ್ದಳು. ಅಲ್ಲಿಂದ ನಡೆದು ಯಮನಮ್ಮನ ಮನೆಗೆ ಹೋಗಿ, ಒಂದು ತಾಸು ಮಾತಾಡಿದ್ದಳು. ಅಂದಿನ ಯಮನಮ್ಮ ಬೇರೆಯೇ ಹೆಂಗಸು. ಕೇಳುತ್ತ ಕೇಳುತ್ತ ಎದ್ದು ನಿಂತು, “ನನ್ನ ತಮ್ಮ ಆದ್ರೇನು, ನಮ್ಮಪ್ಪ ಆದ್ರೇನು, ಬರ್ರಿ ಎಲ್ಲಿಗಿ ಬರಬೇಕು” ಎಂದು ಚಪ್ಪಲಿ ಮೆಟ್ಟಿದ್ದಳು.

ತಾಯಿ ಮಗಳನ್ನು ಕರೆದುಕೊಂಡು ಶಾಲೆಯ ಹತ್ತಿರ ಬಂದಾಗ ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಬಿದ್ದಿದ್ದರು. ಜೀಪಿನ ಸುತ್ತ ಗುಂಪು. ಏನನ್ನೋ ಓದುತ್ತಿದ್ದರು, ಒಂದೇ ರಾಗದಲ್ಲಿ, ಎಲ್ಲರೂ ಕೂಡಿ. ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಬೇಕೆಂಬುದು ಉಮಾದೇವಿ ಟೀಚರು ಹಾಕಿಕೊಟ್ಟ ರೂಢಿ. ಗೊಬ್ಬರದಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಮೈಲಿಗಲ್ಲು ಯಾವುದನ್ನೂ ಆ ಮಕ್ಕಳು ಬಿಡುತ್ತಿರಲಿಲ್ಲ.

“ಮ-ಕ್ಕ-ಳ ರ-ಕ್ಷ-ಣೆ. ಲೈಂ-ಗಿ-ಕ ದೌ-ರ್ಜ-ನ್ಯ ತ-ಡೆ. ತು-ರ್ತು ಸೇ-ವೆ.”

ಜೀಪಿನ ಮುಂದಿನ ಗಾಜಿಗೆ ಒಳಗಿನಿಂದ ಆನಿಸಿ ಇಟ್ಟಿದ್ದ ಹಳದಿ ಬೋರ್ಡು ಅದು. ಮೂರು ವರ್ಷದಿಂದ ಅಲ್ಲಿಯೇ ಇತ್ತು. ಒಳಗೆ ಕೂತು ಓಡಾಡುವವರಿಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು: ಏನೂ ಬರೆಯದ ಬಿಳಿ ತಗಡು. ಮೂರು ವರ್ಷ ಆ ಬಿಳಿ ತಗಡನ್ನು ನೋಡುತ್ತ ಕೂತಿದ್ದ ಸುಮಂಗಲಾಗೆ ಅದರ ಮುಖದ ನೆನಪೇ ಬಂದಿರಲಿಲ್ಲ.

ಓದುತ್ತಿದ್ದ ಮಕ್ಕಳು ಒಮ್ಮೆಲೇ ನಿಲ್ಲಿಸಿ, ನಡೆದು ಬರುತ್ತಿದ್ದ ತಮ್ಮ ತರಗತಿಯ ಹುಡುಗಿಯ ಕಡೆ ತಿರುಗಿದರು. ಒಬ್ಬನು ಕೇಳಿದ, ಕುತೂಹಲದಿಂದ ಅಷ್ಟೇ: “ನಿನ್ನ ಒಯ್ಯಾಕ ಬಂದದೇನ್ ಬೇ ಇದು?”

ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಬೋರ್ಡು ಓದಿಯಾಗಿತ್ತು.

ಹತ್ತೂವರೆಗೆ ಸುಮಂಗಲಾ ಕೋರ್ಟಿನ ಆವರಣ ತಲುಪಿದಳು. ಸುಭಾಷ್ ಹೇಳಿದಂತೆಯೇ ಆಯಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗೇಟಿನ ಹೊರಗೆ ಕ್ರೂಸರ್ ನಿಂತಿತು. ಮೊದಲು ಇಳಿದವರು ಬಿಳಿ ಪಂಚೆಯ ಹಿರಿಯ ಹಂಪಯ್ಯ, ಆ ಊರಿನಲ್ಲಿ ನಾಲ್ಕು ಮಂದಿ ಕೂಡಿದಲ್ಲಿ ಮಾತು ಆಡಿ ಮುಗಿಸುವ ಮನುಷ್ಯ. ಆಮೇಲೆ ಅಜ್ಜಿ. ಆಮೇಲೆ ಯಮನಮ್ಮ. ಕೊನೆಗೆ ಹುಡುಗಿ, ಎರಡೂ ಕೈ ತುಂಬ ಹಸಿರು ಬಳೆ. ದೊಡ್ಡವರ ಅಳತೆಯ ಬಳೆಗಳು. ಕೈ ಇಳಿಬಿಟ್ಟರೆ ಜಾರಿ ಬೀಳುತ್ತವೆಂದು ಮೊಣಕೈ ಮಡಿಚಿ ಎದೆಗೆ ಹಿಡಿದುಕೊಂಡಿದ್ದಳು.

ಕನಕರಾಜ ಬಂದಿರಲಿಲ್ಲ. ಅವನು ತನ್ನ ವಕೀಲರೊಂದಿಗೆ ಬೇರೆ ಬಾಗಿಲಿನಿಂದ ಬರುವವನು. ಜಾಮೀನಿನ ಷರತ್ತಿನ ಪ್ರಕಾರ ಅವನು ಹುಡುಗಿಯ ಹತ್ತಿರ ಸುಳಿಯಬಾರದು. ಅವನು ಸುಳಿದಿರಲಿಲ್ಲ. ಬಳೆ ಸುಳಿಯಬಾರದೆಂದು ಷರತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಹಂಪಯ್ಯ ಕೈ ಮುಗಿದರು. “ಶರಣು ತಂಗೀ. ಊಟ ಆತೇನು?”

“ಯಪ್ಪಾ, ಇದು ಕೂಸು. ಇದಕ್ಕ ಬಳಿ ಇಡಿಸೀರಲ್ಲ. ಕಾನೂನು ಹೆಂಗದ ಅಂತ ನಿಮಗ ಗೊತ್ತಿಲ್ಲೇನು?”

“ಗೊತ್ತದವ್ವ. ಲಗ್ನಾ ಈಗ ಯಾರು ಮಾಡ್ತಾರ? ಹದಿನೆಂಟು ತುಂಬಲಿ. ಅಲ್ಲೀತನಕ ಅಜ್ಜೀ ಮನ್ಯಾಗ ಇರ್ತದ, ಶಾಲೀಗಿ ಹೋಗ್ತದ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ತೊಟ್ಟಲದಾಗ ಹಾಕಿದ ದಿನಾನೇ ಅವಗಂತ ಅಂದಿದ್ವಿ. ಅಂವ ಮುಂದ ಆಗೂದನ್ನ ಮೊದಲ ಮಾಡ್ಯಾನ, ತಪ್ಪು. ತಪ್ಪಲ್ಲ ಅಂದವರ್ಯಾರು? ನಾಲ್ಕು ಮಂದಿ ನಡುವ ಅವನ ಕಪಾಳಕ್ಕ ಹೊಡದೀನಿ ನಾನು. ಈಗ ನೀವು ಹೇಳ್ರಿ, ಓದಿದವರು. ನಿಮ್ಮ ಜೀಪು ಬಂದು ಹೋದ ಮ್ಯಾಲ ಈ ಕೂಸಿನ್ನ ಯಾರು ತಗೋತಾರ? ನಿಮ್ಮ ಮನಿಗಿ ತಗೋತೀರೇನು?”

ನಿಮ್ಮ ಜೀಪು. ಸುಮಂಗಲಾ ಯಮನಮ್ಮನ ಕಡೆ ತಿರುಗಿದಳು.

ಯಮನಮ್ಮ ಅವಳ ಮುಖ ನೋಡದೆ, ಕಲ್ಲುಬೆಂಚಿನ ಅಂಚು ಕೆರೆಯುತ್ತ ಹೇಳಿದಳು. “ಅಕ್ಕಾರ, ನೀವು ಭಾಳ ಮಾಡೀರಿ, ಸುಳ್ಳು ಹೇಳಂಗಿಲ್ಲ. ಆದ್ರ ನೀವು ವಾರಕ್ಕೊಮ್ಮಿ ಬರ್ತೀರಿ. ಉಳದ ಆರು ದಿನ ನನಗ ಯಾರದಾರ? ಇದರಪ್ಪ ಹೈದರಾಬಾದಿನ್ಯಾಗ ಕೂತು ಫೋನು ಎತ್ತವಲ್ಲ. ನಮ್ಮವ್ವ ಹಗ್ಗ ಹಿಡ್ಕೊಂಡು ಕೂತಿದ್ಲು ನಿನ್ನಿ. ನಾ ಏನ್ ಮಾಡ್ಲಿ?”

ಒಳಗಿನಿಂದ ಕರೆ ಬಂತು.

ಸಾಕ್ಷಿಗೆ ಮೊದಲು ಮಗು ಕೂರಲೆಂದು ಕೋರ್ಟಿನಲ್ಲಿ ಒಂದು ಸಣ್ಣ ಕೋಣೆ ಇತ್ತು. ಗೋಡೆಯ ಮೇಲೆ ಮೊಲ, ಚಿಟ್ಟೆ. ಒಂದು ಬುಟ್ಟಿಯಲ್ಲಿ ಆಟಿಕೆ. ಅಲ್ಲಿ ಸುಮಂಗಲಾ ಮತ್ತು ಹುಡುಗಿ ಇಬ್ಬರೇ ಹತ್ತು ನಿಮಿಷ ಕೂತರು. ನಡೆಯುವುದು ಹೇಗೆಂದು ಹೇಳಬಹುದು. ಏನು ಹೇಳಬೇಕೆಂದು ಹೇಳುವ ಹಾಗಿಲ್ಲ. ಒಂದು ಅಕ್ಷರ ಹೇಳಿಕೊಟ್ಟರೂ ಮಗುವಿನ ಸಾಕ್ಷಿ ಕೆಡುತ್ತದೆ. ಸುಮಂಗಲಾ ಎಂದಿನಂತೆ ಹೇಳಿದಳು: “ನೀರು ಬೇಕಂದ್ರ ಕೇಳು. ದಣಿವಾದ್ರ ಸ್ವಲ್ಪ ನಿಲ್ಲಸ್ರಿ ಅನ್ನು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು. ಅಂವ ನಿನಗ ಕಾಣಂಗಿಲ್ಲ, ನಡುವ ಪರದಿ ಇರ್ತದ. ನಾ ನಿನ್ನ ಬಾಜೂಕ ಇರ್ತೀನಿ.”

ಹುಡುಗಿ ಬಳೆಗಳನ್ನು ಮೊಣಕೈವರೆಗೆ ಏರಿಸಿದಳು. ಅವು ಮತ್ತೆ ಇಳಿದವು.

“ಅಕ್ಕಾ, ನಾ ಏನ್ ಹೇಳ್ಲಿ?”

“ನಿನಗ ಏನ್ ಗೊತ್ತದ, ಅದನ್ನ ಹೇಳವ್ವ.”

“ಹೇಳಿದ್ರ ಅಜ್ಜಿ ಸಾಯ್ತಾಳಂತ. ಅವ್ವನೂ ಸಾಯ್ತಾಳಂತ. ಹೇಳಲಿಲ್ಲಂದ್ರ ನಿಮಗ ಸಿಟ್ಟು ಬರ್ತದ.”

“ನನಗ ಯಾವತ್ತೂ ಸಿಟ್ಟು ಬರಂಗಿಲ್ಲ.”

“ಮತ್ತ ನನ್ನ ಹಾಸ್ಟೆಲಿಗೆ ಕಳಸ್ತೀರೇನು?”

ಹುಡುಗಿ ಹಾಸ್ಟೆಲು ಎನ್ನುತ್ತಿದ್ದುದು ಬಾಲಮಂದಿರಕ್ಕೆ. ದೂರು ಕೊಟ್ಟ ಹೊಸದರಲ್ಲಿ ಎರಡು ತಿಂಗಳು ಅಲ್ಲಿದ್ದಳು. ಅಲ್ಲಿ ಯಾರೂ ಹೊಡೆದವರಿಲ್ಲ, ಬೈದವರಿಲ್ಲ. ಆದರೂ ಅವಳು ಪ್ರತಿ ರಾತ್ರಿ ಚಾದರದ ಒಂದು ತುದಿಯನ್ನು ಅವ್ವನ ಸೆರಗೆಂದು ಹಿಡಿದು ಮಲಗುತ್ತಿದ್ದಳಂತೆ. ಅಲ್ಲಿಂದ ಬರುವ ದಿನ “ಇನ್ನೊಮ್ಮಿ ಇಲ್ಲಿಗಿ ಕಳಸಬ್ಯಾಡ್ರಿ” ಎಂದು ಕೇಳಿಕೊಂಡಾಗ ಸುಮಂಗಲಾ ಮಾತು ಕೊಟ್ಟಿರಲಿಲ್ಲ. “ನೋಡೋಣ” ಎಂದಿದ್ದಳು. ಕೊಡಲಾಗದ ಮಾತನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಹುಡುಗಿ ಮಾತ್ರ ಅದನ್ನೇ ಮಾತೆಂದು ಇಟ್ಟುಕೊಂಡಿತ್ತು.

ಈಗಲೂ ಬಾಯಿಗೆ ಬಂದದ್ದು ಅದೇ. “ನೋಡೋಣವ್ವ.”

ಸುಮಂಗಲಾ ಹೊರಗೆ ಬಂದು ಸುಭಾಷ್ ಅವರಿಗೆ ಬಳೆಯ ವಿಷಯ, ಹಗ್ಗದ ವಿಷಯ, ಎಲ್ಲ ಹೇಳಿದಳು. ಅವರು ಅದನ್ನು ನ್ಯಾಯಾಧೀಶರ ಗಮನಕ್ಕೆ ತಂದರು. ನ್ಯಾಯಾಧೀಶೆ ಮಧ್ಯವಯಸ್ಸಿನ ಮೃದು ಹೆಂಗಸು. ಕಪ್ಪು ಕೋಟು ತೆಗೆದಿಟ್ಟು, ಎತ್ತರದ ಪೀಠದಿಂದ ಇಳಿದು, ಹುಡುಗಿಯ ಎದುರಿಗೆ ಸಾದಾ ಕುರ್ಚಿಯಲ್ಲಿ ಕೂತರು. ಬೇರೆ ಎಲ್ಲರನ್ನೂ ದೂರ ಕಳಿಸಿ ಕೇಳಿದರು. ಯಾರಾದರೂ ಹೆದರಿಸಿದ್ದಾರೆಯೇ? ಇಲ್ಲ. ಹೀಗೇ ಹೇಳು ಅಂತ ಯಾರಾದರೂ ಕಲಿಸಿಕೊಟ್ಟಿದ್ದಾರೆಯೇ? ಇಲ್ಲ. ಇವತ್ತು ಬೇಡ, ಇನ್ನೊಂದು ದಿನ ಬರುತ್ತೀಯಾ? ಹುಡುಗಿ ಒಂದು ಕ್ಷಣ ತಲೆ ಎತ್ತಿತು.

“ಇವತ್ತೇ ಮುಗಸ್ರಿ.”

ನಡೆದದ್ದೆಲ್ಲ ಕಾನೂನಿನ ಪ್ರಕಾರವೇ ನಡೆಯಿತು. ಪರದೆ ಕಟ್ಟಿತ್ತು. ಪರದೆಯ ಆಚೆ ಯಾರೋ ಒಮ್ಮೆ ಕೆಮ್ಮಿದರು. ಹುಡುಗಿ ಕೂತಲ್ಲಿಯೇ ಕುಗ್ಗಿತು. ವಕೀಲರಾರೂ ನೇರ ಪ್ರಶ್ನೆ ಕೇಳುವ ಹಾಗಿರಲಿಲ್ಲ, ಕೇಳುವುದೆಲ್ಲ ನ್ಯಾಯಾಧೀಶೆಯೇ. ಆಪಾದಿತನ ವಕೀಲರೂ ಹೆಚ್ಚೇನೂ ಕೇಳಿಸಬೇಕಾಗಲಿಲ್ಲ.

“ನಿಮ್ಮ ಮಾವ ನಿನಗೆ ಏನಾದರೂ ತೊಂದರೆ ಕೊಟ್ಟಿದ್ದನೇನಮ್ಮ?”

“ಇಲ್ಲ್ರಿ.” ಬಳೆ ಸದ್ದಾಯಿತು.

“ಮೊದಲು ಮ್ಯಾಜಿಸ್ಟ್ರೇಟರ ಮುಂದೆ ನೀನು ಹೇಳಿದ್ದನ್ನ ಬರಕೊಂಡಿದ್ದಾರೆ. ಅದು ನೆನಪಿದೆಯಾ?”

“ನೆನಪಿಲ್ರಿ.” ಮತ್ತೆ ಬಳೆ.

“ಟೀಚರ್ ಹತ್ತಿರ ಏನು ಹೇಳಿದ್ದೆ?”

ಬೆರಳಚ್ಚಿನವರ ಕೈ ಯಂತ್ರದ ಮೇಲೆ ನಿಂತಿತ್ತು. ಸುಮಂಗಲಾ ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಬಿಗಿ ಹಿಡಿದು ಕೂತಿದ್ದಳು. ಒಂದು ಮಾತು, ಒಂದೇ ಒಂದು ಮಾತು ಆ ಕಿವಿಯಲ್ಲಿ ಹೇಳುವಷ್ಟು ಹತ್ತಿರವಿದ್ದಳು. ಹುಡುಗಿ ಅವಳತ್ತ ನೋಡಿತು. ನೋಡುತ್ತಲೇ ಹೇಳಿತು.

“ಹೊಟ್ಟಿ ನೋವು ಅಂದಿದ್ದೆನ್ರಿ.”

ಅಲ್ಲಿಗೆ ಮುಗಿಯಿತು. ಸುಭಾಷ್ ಆಮೇಲೆ ಕೇಳಬೇಕಾದದ್ದನ್ನೆಲ್ಲ ನ್ಯಾಯಾಧೀಶೆಯ ಮೂಲಕ ಕೇಳಿಸಿದರು. ಹಳೆಯ ಹೇಳಿಕೆ ಇದೆ, ಟೀಚರ ಸಾಕ್ಷಿ ಇದೆ, ವೈದ್ಯರ ವರದಿ ಇದೆ, ನೋಡೋಣ ಎಂದು ಹೊರಗೆ ಬಂದು ಸುಮಂಗಲಾಗೆ ಹೇಳಿದರು. ಅವರ ಬಾಯಲ್ಲಿ ಆ ‘ನೋಡೋಣ’ ಕೇಳಿದಾಗ ಅದು ಎಷ್ಟು ಹಗುರಾದ ಪದವೆಂದು ಅವಳಿಗೆ ಮೊದಲ ಸಲ ತಿಳಿಯಿತು.

ಹೊರಗೆ ಅಜ್ಜಿ ಹುಡುಗಿಯ ತಲೆ ಸವರುತ್ತಿದ್ದಳು. “ಶಾಣ್ಯಾಕಿ ನನ್ನ ಕೂಸು. ನಡಿ, ಮನಿಗಿ ಹೋಗೂಣು.”

ಮನಿಗಿ. ಕನಕರಾಜನೂ ಸಂಜೆ ಅಲ್ಲಿಗೇ ಹೋಗುತ್ತಾನೆ.

ಸುಮಂಗಲಾಳ ಕೈಯಲ್ಲಿ ಉಳಿದದ್ದು ಒಂದೇ ಕೆಲಸ. ಮಗು ಅಪಾಯದಲ್ಲಿದೆ ಎಂದು ಕಂಡರೆ ಸಮಿತಿಗೆ ತಿಳಿಸಲೇಬೇಕು. ತಿಳಿಸಿದರೆ ಹುಡುಗಿ ಆ ಮನೆಗೆ ಹೋಗುವುದು ತಪ್ಪುತ್ತದೆ; ಅವ್ವನ ಸೆರಗೂ ತಪ್ಪುತ್ತದೆ. ತಿಳಿಸದಿದ್ದರೆ ಕ್ರೂಸರ್ ನಿಂತೇ ಇದೆ. ಕಂಬದ ಮರೆಯಲ್ಲಿ ನಿಂತು ನಂಬರು ಒತ್ತಿದಳು. ಮೂರು ವಾಕ್ಯಗಳಲ್ಲಿ ಹೇಳಿದಳು. ಒಂದು ಪದವೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ಆ ಕಡೆಯಿಂದ ಬಂದ ಆದೇಶವೂ ಅಷ್ಟೇ ಚಿಕ್ಕದು: ಮಗುವನ್ನು ಈಗಲೇ ಸಮಿತಿಯ ಮುಂದೆ ಕರೆತನ್ನಿ, ಸದ್ಯ ಬಾಲಮಂದಿರದಲ್ಲಿ ಇರಲಿ.

ಮಹಿಳಾ ಪೊಲೀಸರೊಬ್ಬರು ಬಂದು ನಿಂತಾಗ ಹಂಪಯ್ಯ ಜೋರು ಮಾಡಲಿಲ್ಲ. “ಒಯ್ರಿ” ಎಂದರು. “ಎಷ್ಟು ದಿನ ಇಟ್ಕೋತೀರಿ? ತಿರುಗಿ ನಮ್ಮ ಬಾಗಲಿಗೇ ತಂದು ಬಿಡ್ತೀರಿ.” ಅಜ್ಜಿ ಎದೆ ಎದೆ ಬಡಿದುಕೊಂಡಳು. ತಮ್ಮ ಜೊತೆ ಯಮನಮ್ಮನೂ ಬರಬಹುದೆಂದು ಸುಮಂಗಲಾ ಹೇಳಿದಳು. ಸಮಿತಿಯ ಮುಂದೆ ತಾಯಿಯ ಮಾತೂ ಕೇಳುತ್ತಾರೆಂದಳು. ಯಮನಮ್ಮ ಅವ್ವನ ಕಡೆ ನೋಡಿದಳು, ಮಗಳ ಕಡೆ ನೋಡಿದಳು, ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು.

“ನಾ ಹೇಳಿದ್ನಲ್ಲ, ಅಕ್ಕಾ,” ಹುಡುಗಿ ಕೇಳಿತು. “ಏನೂ ಇಲ್ಲ ಅಂತ ಹೇಳಿದ್ನಲ್ಲ. ಮತ್ತ ಯಾಕ?”

ಪೀರಾ ಸಾಬ್ ಗೇಟಿನ ಹೊರಗೆ ಜೀಪು ತಂದಿದ್ದ. ಗಾಜಿನ ಹಿಂದೆ ಹಳದಿ ಬೋರ್ಡು ಬಿಸಿಲಿಗೆ ಹೊಳೆಯುತ್ತಿತ್ತು. ಚಹಾದಂಗಡಿಯ ಮುಂದೆ ನಿಂತ ಜನ ಅದನ್ನು ಓದಿ, ಓದಿದ ಕಣ್ಣನ್ನು ಹುಡುಗಿಯ ಕಡೆ ಹೊರಳಿಸಿದರು.

“ಸಾಬ್, ಆ ಬೋರ್ಡು.” ಸುಮಂಗಲಾ ಗಾಜಿನತ್ತ ಕೈ ತೋರಿದಳು. “ಎಷ್ಟು ಸರ್ತಿ ಹೇಳೀನಿ ನಿಮಗ. ಮಕ್ಕಳ್ನ ಕರ್ಕೊಂಡು ಬರಾಕ ಹೋದಾಗ ತಗೀರಿ ಅಂತ.”

“ತಪ್ಪಾತು ಅಮ್ಮಾ. ಬಿಸಿಲಿಗಿ ರಬ್ಬರ್ ಹತ್ಕೊಂಡದ, ಬರವಲ್ದು.” ಪೀರಾ ಸಾಬ್ ಎಳೆದ, ಮತ್ತೆ ಎಳೆದ. ಬೋರ್ಡು ಕಿತ್ತುಬಂತು. ಇಡಲು ಬೇರೆ ಜಾಗ ಕಾಣದೆ ಅವನು ಅದನ್ನು ಅಲ್ಲಿಯೇ ತಿರುವಿ ಆನಿಸಿದ. ಈಗ ಹೊರಗಿನವರಿಗೆ ಬಿಳಿ ತಗಡು.

ಸುಮಂಗಲಾ ಹುಡುಗಿಯನ್ನು ಮುಂದಿನ ಸೀಟಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಪೊಲೀಸ್ ಹೆಂಗಸು ಹಿಂದೆ ಹತ್ತಿದರು. ಜೀಪು ಹೊರಟಿತು. ಹುಡುಗಿ ಒಮ್ಮೆ ಮಾತ್ರ ಹಿಂದೆ ನೋಡಿತು. ಯಮನಮ್ಮ ನಿಂತಲ್ಲೇ ಇದ್ದಳು. ತಿರುವಿನಲ್ಲಿ ಅವಳು ಮರೆಯಾದ ಮೇಲೆ ಹುಡುಗಿ ಮುಂದಕ್ಕೆ ತಿರುಗಿ ಕೂತಿತು. ಸ್ಟೇಷನ್ ರಸ್ತೆಯ ಗದ್ದಲ ಎರಡೂ ಕಡೆ ಹರಿಯುತ್ತಿತ್ತು.

“ಉಮಾದೇವಿ,” ಎಂದಳು ಸುಮಂಗಲಾ, ಮೆಲ್ಲಗೆ. “ನೀರು ಕುಡೀತಿ?”

ಹುಡುಗಿ ಆ ಹೆಸರಿಗೆ ತಿರುಗಲಿಲ್ಲ. ಅವಳ ಕಣ್ಣು ಎದುರಿಗೆ, ಗಾಜಿಗೆ ಒರಗಿದ ಹಳದಿ ತಗಡಿನ ಮೇಲೆ ನಿಂತಿತ್ತು. ಅಕ್ಷರಗಳು ಈಗ ಒಳಮುಖವಾಗಿದ್ದವು, ಅವಳ ಮುಖದಿಂದ ಒಂದು ಮೊಳ ದೂರದಲ್ಲಿ. ತುಟಿಗಳು ಅಲುಗಿದವು. ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಬೇಕೆಂದು ಕಲಿತ ಮಗು ಬೆರಳನ್ನು ಗಾಳಿಯಲ್ಲಿ ಒಂದೊಂದಕ್ಷರಕ್ಕೂ ಇಡುತ್ತ, ರಾಗವಿಲ್ಲದ ದನಿಯಲ್ಲಿ ಓದತೊಡಗಿತು. ಬೆರಳು ಸರಿದಂತೆಲ್ಲ ಬಳೆಗಳು ಮೊಣಕೈಗೆ ಜಾರುತ್ತಿದ್ದವು.

“ಮ-ಕ್ಕ-ಳ... ರ-ಕ್ಷ-ಣೆ.”

ಪೀರಾ ಸಾಬ್ ರಸ್ತೆಯ ಮೇಲಿನ ಕಣ್ಣು ಕೀಳಲಿಲ್ಲ.

“ಅಕ್ಕಾ, ಇದು ಅವತ್ತು ನಮ್ಮ ಶಾಲೀ ಮುಂದ ಬಂದಿದ್ದ ಬೋರ್ಡೇ ಏನ್ರಿ?”

ಸುಮಂಗಲಾ ಉತ್ತರವನ್ನು ಒಳಗೇ ಎರಡು ಸಲ ತಿರುವಿ ನೋಡಿದಳು. ಬೇರೆ ಯಾವ ಪದವೂ ಸಿಗಲಿಲ್ಲ.

“ಹೌದವ್ವ.”

ಹುಡುಗಿ ಎರಡನೆಯ ಸಾಲಿಗೆ ಬೆರಳಿಟ್ಟಿತು.